ಬಿಸಿಲು ಅಳೆದ ಬೋಗಾರ ಪಾಯಪ್ಪ

ಹಿಂದೆ, ನಮ್ಮ ಅಜ್ಜಂದಿರ ಅಜ್ಜಂದಿರೂ ಹುಟ್ಟದ ಕಾಲಕ್ಕೆ, ಬೋಳುಗುಡ್ಡದ ಬುಡದಲ್ಲಿ ಒಂದೂರು ಇತ್ತಂತೆ. ಈಗಲೂ ಇದೆ. ಊರೆಂದ ಮೇಲೆ ಒಬ್ಬ ಗೌಡ, ಅವನು ಕೆಮ್ಮಿದರೂ ಹೌದೌದು ಅನ್ನುವ ಮಂದಿ. ಅಲ್ಲಿ ಪಾಯಪ್ಪ ಅಂತ ಒಬ್ಬ ಬೋಗಾರ, ತಾಮ್ರದ ಕೊಡ ಬಡಿಯುವವನು, ಸೂರ್ಯನನ್ನೇ ಅಳೆಯುತ್ತಿದ್ದನಂತೆ.

ಹೇಗೆ ಅಂತೀರಾ? ಬಿಸಿಲು ಚೆನ್ನಾಗಿ ಹೀರಲೆಂದು ತಾಮ್ರದ ತಗಡಿಗೆ ದೀಪದ ಮಸಿ ಹಿಡಿಸಿ, ಬೆನ್ನಿಗೆ ಜೇನುಮೇಣ ಅಂಟಿಸಿ, ನಡುಮಧ್ಯಾಹ್ನ ಬಿಸಿಲಿಗೆ ಒಡ್ಡುತ್ತಿದ್ದ. ಹೊತ್ತು ಅಳೆಯುವ ತೂತಿನ ಗಳಿಗೆಬಟ್ಟಲು ನೀರಲ್ಲಿ ಮುಳುಗುವ ಮೊದಲೇ ಮೇಣ ಕರಗಿತೋ, ಸೂರ್ಯ ಬಲವಾಗಿದ್ದಾನೆ. ಆಮೇಲೆ ಕರಗಿತೋ, ಸೊರಗಿದ್ದಾನೆ. ಕೆಳಗಿನ ಧೂಳು, ಹೊಗೆ ನಡುವೆ ಬಂದು ಬಿಸಿಲು ಕದಿಯುತ್ತವೆ ಅಂತ ದಿನಾ ಗುಡ್ಡದ ನೆತ್ತಿ ಹತ್ತುತ್ತಿದ್ದ. ಗಾಳಿಯೂ ಇಲ್ಲದಷ್ಟು ಮೇಲೆ ಹೋಗಿ ಅಳೆಯಬೇಕು ಅನ್ನುತ್ತಿದ್ದನಂತೆ. ಕೈ ಹಾಕಿದರೆ ಅಳತೆ ಕೆಡುತ್ತದೆಂದು ಆ ತಗಡನ್ನು ಅಲ್ಲೇ ಬಿಟ್ಟು ಬರುತ್ತಿದ್ದ, ಅದಕ್ಕೆ ಮತ್ತೆ ಮಸಿ ಹಚ್ಚುತ್ತಲೇ ಇರಲಿಲ್ಲವಂತೆ.

ಒಂದು ವರ್ಷ ಜೋಳ ಕಾಳುಕಟ್ಟದೆ ಜೊಳ್ಳಾಯಿತು. ಕೆಂಚವ್ವ ಅನ್ನುವವಳು ಗಂಡ ಸತ್ತ ಮೇಲೆ ತಾನೇ ನೇಗಿಲು ಹಿಡಿದಿದ್ದಳು. ಹೆಣ್ಣು ನೇಗಿಲು ಮುಟ್ಟಿದ್ದಕ್ಕೆ ಸೂರ್ಯ ಮುನಿದಿದ್ದಾನೆ ಅಂದ ಗೌಡ. ಅವಳ ಹೊಲದ ಮೇಲೆ ಅವನ ಕಣ್ಣಿತ್ತು. ಅದು ಎಲ್ಲರಿಗೂ ಗೊತ್ತಿತ್ತು, ಯಾರೂ ಬಾಯಿ ಬಿಡಲಿಲ್ಲ. ಪಾಯಪ್ಪನನ್ನು ಚಾವಡಿಗೆ ಕರೆಸಿದರು. ಸುಳ್ಳು ಹೇಳಲು ಬಾರದವನು, ಹೌದು, ವರ್ಷದಿಂದ ವರ್ಷಕ್ಕೆ ಸೂರ್ಯ ಸೊರಗುತ್ತಿದ್ದಾನೆ ಅಂದುಬಿಟ್ಟ. ಅಷ್ಟು ಸಾಕಾಯಿತು. ಅವಳ ಒಲೆಗೆ ನೀರು ಹೊಯ್ದು ಊರು ಬಿಡಿಸಿದರು.

ಹೊರಡುವಾಗ ಅವಳು, "ನನ್ನ ನೇಗಿಲು ಕಾಯೋದು ಬಿಟ್ಟು ನಿನ್ನ ಸೂರ್ಯನಿಗೆ ಬೇರೆ ಕೆಲಸ ಇಲ್ಲೇನೋ ಗೌಡ?" ಅಂದಳಂತೆ. ಆಮೇಲೆ ಪಾಯಪ್ಪನ ಕಡೆ ತಿರುಗಿ, "ಅಣ್ಣಾ, ಸೂರ್ಯನನ್ನ ನೀನು ಅಳೆದೆ. ನಿನ್ನ ತಗಡನ್ನ ಯಾರು ಅಳೆದರು?" ಅಂದಳಂತೆ.

ಆ ಮಾತು ಅವನನ್ನು ಉಣ್ಣಗೊಡಲಿಲ್ಲ. ಆ ತಗಡು ಮಾಡಿದ ದಿನವೇ ಅದರಂತೆಯೇ ಮಸಿ ಹಿಡಿಸಿದ ಜೋಡಿಯೊಂದನ್ನು ಮಾಡಿ, ಬಿಸಿಲು ತಾಕದಂತೆ ಗಡಿಗೆಯಲ್ಲಿ ಇಟ್ಟಿದ್ದ. ಅದನ್ನು ಗುಡ್ಡಕ್ಕೆ ಒಯ್ದು ಎರಡನ್ನೂ ಒಟ್ಟಿಗೆ ಬಿಸಿಲಿಗೆ ಹಿಡಿದ. ಗಡಿಗೆಯ ತಗಡಿನ ಮೇಣ ಮೊದಮೊದಲ ವರ್ಷಗಳಲ್ಲಿ ಕರಗುತ್ತಿದ್ದಷ್ಟೇ ಬೇಗ ಕರಗಿತು. ಹಳೆಯದರ ಮೇಣ ಹಾಗೇ ಕೂತಿತ್ತು. ಸೊರಗಿದ್ದು ಸೂರ್ಯನಲ್ಲ, ಗಾಳಿಮಳೆಗೆ ಮಸಿ ತೊಳೆದುಹೋದ ತಗಡು.

ಓಡಿದನಂತೆ. ಮೂರನೆಯ ಊರಿನ ಗಡಿಯಲ್ಲಿ ಅವಳು ಸಿಕ್ಕಳಂತೆ, ಹೆಣವಾಗಿ. ಸೂರ್ಯನ ಮುನಿಸಿಗೆ ಸಿಕ್ಕವಳೆಂದು ಯಾವ ಊರೂ ಅವಳಿಗೆ ನೀರು ಕೊಟ್ಟಿರಲಿಲ್ಲ. ತಿರುಗಿ ಬಂದು ಚಾವಡಿಯಲ್ಲಿ ನಿಂತು ನಿಜ ಕೂಗಿದ. ಆದದ್ದಾಯಿತು, ಬಾಯಿ ಮುಚ್ಚು ಅಂದನಂತೆ ಗೌಡ. ಊರೂ ಅದನ್ನೇ ಅಂದಿತು.

ಪಾಯಪ್ಪ ಗುಡ್ಡ ಹತ್ತಿದವನು ಮತ್ತೆ ಇಳಿಯಲಿಲ್ಲ. ಹಳೆಯ ತಗಡಿಗೆ ಹೊಸ ಮಸಿ ಹಿಡಿಸಿ ದಿನವೂ ಅದರಲ್ಲಿ ಅಳೆಯುತ್ತಿದ್ದ, ವರ್ಷಕ್ಕೊಮ್ಮೆ ಗಡಿಗೆಯದನ್ನು ತೆಗೆದು ಅದರ ಜೊತೆ ಹಳೆಯದನ್ನು ಪರೀಕ್ಷಿಸುತ್ತಿದ್ದ. ಸೂರ್ಯ ಬದಲಾಗುವುದು ನಿಜ, ಕೂದಲೆಳೆಯಷ್ಟು ಏರುತ್ತಾನೆ, ಇಳಿಯುತ್ತಾನೆ, ಆದರೆ ಯಾರ ಪಾಪಕ್ಕೂ ಅಲ್ಲ ಅಂತ ಕುರಿ ಕಾಯುವವರ ಹತ್ತಿರ ಹೇಳಿದ್ದನಂತೆ. ಅಲ್ಲೇ ಸತ್ತನಂತೆ.

ಇಂದಿಗೂ ರಥಸಪ್ತಮಿಗೆ ಊರವರು ಗುಡ್ಡ ಹತ್ತಿ ಪಾಯಪ್ಪನ ತಗಡುಗಳಿಗೆ ಪೂಜೆ ಮಾಡುತ್ತಾರೆ. ಹುಣಸೆಹಣ್ಣು ಹಚ್ಚಿ, ಮಸಿಯ ಕಲೆಯೂ ಉಳಿಯದಂತೆ ಎರಡನ್ನೂ ಫಳಫಳ ಉಜ್ಜುತ್ತಾರೆ. ಇನ್ನು ಅವು ಏನನ್ನೂ ಅಳೆಯಲಾರವು. ಕೆಂಚವ್ವನ ಹೆಸರನ್ನು ಯಾರೂ ಎತ್ತುವುದಿಲ್ಲ. ಮೊದಲ ಆರತಿ ಗೌಡನ ಮನೆತನದ್ದು.