ಅಂಗಳ ತುಂಬ ಇಂಗ್ಲಿಷ್

ಇಲ್ಲಿ ಬಾರೇ, ಇನ್ನೂ ಹತ್ತಿರ. ಯಾರಿಗೂ ಹೇಳಲ್ಲ ಅಂತ ಆಣೆ ಇಡು, ಆಮೇಲೆ ಬಾಯಿ ಬಿಡ್ತೀನಿ.

ಪಕ್ಕದ ಮನೆ ಪಂಕಜಾಕ್ಷಿಗೆ ಇಂಗ್ಲಿಷ್ ಹುಚ್ಚು. ದಿನಕ್ಕೊಂದು ನಾಲಿಗೆ ಹೊರಳದ ಪದ ಕಲಿಯುತ್ತಾಳೆ. ದಿನಾ ಅಭ್ಯಾಸ ಮಾಡದಿದ್ರೆ ಹಳೇದು ಮರೆತುಹೋಗುತ್ತೆ ಅಂತ ಕಂಡವರಿಗೆಲ್ಲ ಉಪದೇಶ ಬೇರೆ. ಕಲಿತದ್ದು ಬೀದಿಗೆಲ್ಲ ಕಾಣಬೇಡವೇ? ಕೆಲಸದ ನಿಂಗಮ್ಮನಿಗೆ ಚೀಟಿ ಕೊಟ್ಟು, ಅಂಗಳದಲ್ಲಿ ಆ ಪದವನ್ನೇ ರಂಗೋಲಿ ಹಾಕು ಅಂದಳು. "ಅಕ್ಷರ ಅಂದ್ರೆ ಸರಸ್ವತಿ. ತುಳಿದೀಯ, ಜೋಕೆ! ಆಗದಿದ್ದರೆ ಕೆಲಸ ಬಿಡು."

ಪಾಪ, ನಿಂಗಮ್ಮನಿಗೆ ಇನ್ನೂ ಮೂರು ಮನೆ ಕೆಲಸ. ಚೀಟಿ ನೋಡಿ ತಿದ್ದುವಷ್ಟರಲ್ಲಿ ಅರ್ಧ ಗಂಟೆ. ತಡವಾಯಿತು ಅಂತ ಎಲ್ಲ ಕಡೆ ಬೈಗುಳ. ಒಂದು ತಿಂಗಳು ಸಹಿಸಿದಳು; ಅಷ್ಟರಲ್ಲಿ ಕೈಯೂ ಪಳಗಿತು.

ನಿನ್ನೆ ಬೆಳಗ್ಗೆ ನೋಡ್ತೀನಿ, ಹೊಸ್ತಿಲಿನಿಂದ ಗೇಟಿನವರೆಗೆ ಮೂವತ್ತೂ ಪದ! ಕಾಲಿಡಲು ಜಾಗವಿಲ್ಲ. ಪಂಕಜಾಕ್ಷಿಯ ಗಂಡ ಆಫೀಸಿನ ಬೂಟು ಹಾಕಿಕೊಂಡು ಬಾಗಿಲಲ್ಲೇ ಕೊಕ್ಕರೆಯಂತೆ ನಿಂತಿದ್ದಾರೆ.

"ಏನೇ ಇದು?" ಅಂತ ಪಂಕಜಾಕ್ಷಿ ಕಿರುಚಿದಳು.

"ದಿನಾ ಅಭ್ಯಾಸ ಮಾಡದಿದ್ರೆ ಹಳೇದು ಮರೆತುಹೋಗುತ್ತೆ ಅಂತ ನೀವೇ ಅಂದ್ರಲ್ಲಮ್ಮಾ," ಅಂದು ನಿಂಗಮ್ಮ ಗೇಟಿನಾಚೆಯಿಂದಲೇ ಹೊರಟಳು.

"ನಾಳೆಯಿಂದ ಎರಡೆಳೆ ರಂಗೋಲಿ ಸಾಕು ಕಣೇ ತಾಯೀ!" ಅಂತ ಪಂಕಜಾಕ್ಷಿ ಹಿಂದಿನಿಂದ ಕೂಗಿದಳು.

ಕಾಂಪೌಂಡಿನಾಚೆ ನಗುತ್ತಿದ್ದ ನನ್ನನ್ನು ಕಂಡು, ಮುಖಕ್ಕೆ ಹೊಡೆದಂತೆ ಅಂದಳು: "ಸಾತಮ್ಮನವರೇ, ನೀವೇ ಬಂದು ಅಳಿಸಿ. ನೀವು ಶಾಲೆ ಮೆಟ್ಟಿಲು ಹತ್ತಿದವರಲ್ಲ, ನಿಮಗೆ ಪಾಪ ತಟ್ಟಲ್ಲ!"