ಮರಳಿ ಬಣ್ಣ ಕಂಡ ಮುಖಫಲಕ

ಮಾರ್ಚ್ ಒಂಬತ್ತು, ಸೋಮವಾರ, ಬೆಳಿಗ್ಗೆ ಹನ್ನೊಂದು ಗಂಟೆಗೆ ಹಳೆಯ ಗಡಿಯಾರಗಳ ಅಂಗಡಿಯಲ್ಲಿ ಭೂತಗನ್ನಡಿ ವಿಚಾರಣೆ ಆರಂಭಿಸಿತು. ಯಾವ ಕೈಗಡಿಯಾರದ ಮುಖಫಲಕ, ಅಂದರೆ ಡಯಲ್, ಕಾರ್ಖಾನೆಯಿಂದ ಬಂದಂತೆಯೇ ಉಳಿದಿದೆ, ಯಾವುದು ಮರಳಿ ಬಣ್ಣ ಕಂಡಿದೆ ಎಂದು ಅದು ತೀರ್ಪು ಹೇಳಬೇಕಿತ್ತು. ಬಣ್ಣ ಕಂಡವರನ್ನು ಗುಜರಿ ಡಬ್ಬಕ್ಕೆ ಎಸೆಯುತ್ತಾರೆಂಬ ಸುದ್ದಿ ಕೇಳಿದ್ದ ಬಿಳಿ ಮುಖಫಲಕ ಮೊದಲೇ ಘೋಷಿಸಿದಳು: “ಹುಟ್ಟಿದಾಗಿನಿಂದ ನನ್ನನ್ನು ಯಾರೂ ಮುಟ್ಟಿಲ್ಲ.”

“ಅರವತ್ತಾದರೂ ಒಂದು ಕಲೆಯಿಲ್ಲವಲ್ಲ ಅಕ್ಕಾ, ಏನು ಪಥ್ಯ ಮಾಡುತ್ತೀರಿ?” ಎಂದು ಪಕ್ಕದ ಹಳದಿ ಮುಖಫಲಕ ಕೆಣಕಿದಳು.

ಭೂತಗನ್ನಡಿ ಬಿಳಿಯವಳ ಮೇಲೆ ಬಾಗಿತು. “ಅಂಚಿನಲ್ಲಿ ಈ ಕಚ್ಚು ಏನಮ್ಮಾ?”

“ಹುಟ್ಟುಮಚ್ಚೆ.”

“ಅರದಿಂದ ಉಜ್ಜಿದ ಹುಟ್ಟುಮಚ್ಚೆಯನ್ನು ಇಂದೇ ಕಂಡೆ! ಬಣ್ಣ ಬಳಿಯುವವರು ಫಲಕವನ್ನು ನೇರವಾಗಿ ಕೂರಿಸಲು ಇಟ್ಟುಕೊಳ್ಳುವ ಗುರುತು ಅದು. ನಿಮಿಷದ ಗೆರೆಗಳೂ ಅಂಕಿಗಳ ಮೈಮೇಲೆ ಹತ್ತಿವೆ. ಕಾರ್ಖಾನೆಯ ಅಚ್ಚು ಹೀಗೆ ತಪ್ಪುವುದಿಲ್ಲ.”

ಬಿಳಿಯವಳ ಟಿಕ್‌ಟಿಕ್ ನಿಂತಿತು; ಅವಳು ಒಪ್ಪಿಕೊಂಡಳು: “ಒಳಗೆ ನೀರು ಹೊಕ್ಕು ಅಂಕಿಗಳೆಲ್ಲ ಅಳಿಸಿಹೋಗಿದ್ದವು. ಗಂಟೆ ತೋರಿಸಲಾರದೆ ಬಣ್ಣ ಹಚ್ಚಿಸಿಕೊಂಡೆ. ಇನ್ನು ನನಗೆ ಡಬ್ಬವೇ ಗತಿಯೇ?”

“ಹಾಗೆಂದವರು ಯಾರು? ಡಬ್ಬದಲ್ಲಿರುವುದು ಗಡಿಯಾರಗಳ ಹರಿದ ಪಟ್ಟಿಗಳು. ಬಣ್ಣ ಹಚ್ಚಿಸಿದ್ದು ತಪ್ಪಲ್ಲ, ತಾಯಿ. ಮೂಲದ್ದೆಂದು ನಂಬಿ ಕೊಂಡವನಿಗೆ ಮೋಸವಾಗದಿರಲಿ ಎಂದಷ್ಟೇ ಕೇಳಿದೆ.”

ಅವಳ ಎದೆಯ ಭಾರ ಇಳಿಯಿತು. ನಿಂತಿದ್ದ ಟಿಕ್‌ಟಿಕ್ ಮತ್ತೆ ಕೇಳಿಸಿತು. ಹಳದಿಯವಳೂ ನಗುವುದನ್ನು ನಿಲ್ಲಿಸಿ ಸ್ವಲ್ಪ ಜಾಗ ಬಿಟ್ಟುಕೊಟ್ಟಳು.

ಮುಂದೆ ಬರುವ ಗಿರಾಕಿಗೆ, ಅವನು ಕೇಳುವ ಮೊದಲೇ, ತನಗೆ ಮರಳಿ ಬಣ್ಣ ಹಚ್ಚಿದೆಯೆಂದು ತಾನೇ ಹೇಳುವುದೆಂದು ಬಿಳಿ ಮುಖಫಲಕ ನಿರ್ಧರಿಸಿದಳು.