ಹೆಸರನ್ನು ಯಾರ ಬಳಿ ಇಡುವುದು

"ಗುರುಗಳೇ, ಮನೆಯಲ್ಲೇ ಒಂದು ಕಂಪ್ಯೂಟರ್ ಇಟ್ಟು ನನ್ನ ಇಮೇಲ್, ನನ್ನ ಬರಹ ಎಲ್ಲವನ್ನೂ ಅದರಲ್ಲೇ ನಡೆಸಬೇಕೆಂದಿದ್ದೇನೆ. ಆದರೆ ಇಮೇಲ್ ವಿಳಾಸದ ಕೊನೆಯಲ್ಲಿ ಬರುವ ಡೊಮೇನ್ ಹೆಸರನ್ನು ಮಾತ್ರ ಯಾವುದಾದರೂ ಕಂಪನಿಯಲ್ಲಿ ನೋಂದಾಯಿಸಲೇಬೇಕು. ಹತ್ತು ದಿನದಿಂದ ಹುಡುಕುತ್ತಿದ್ದೇನೆ, ಧೈರ್ಯ ಬರುತ್ತಿಲ್ಲ. ಯಾರನ್ನು ನಂಬಲಿ?" ಎಂದು ಶಿಷ್ಯ ಕರಿಬಸವ ಕೇಳಿದ.

ಗುರು ಹೇಳಿದರು:

ಒಂದು ಊರಿನಲ್ಲಿ ಒಬ್ಬ ಶಿಕ್ಷಕಿಯಿದ್ದಳು. ಅಪರೂಪದ ಗುಂಪಿನ ರಕ್ತವಿರುವವರ ಪಟ್ಟಿಯೊಂದನ್ನು ಮಾಡಿಕೊಂಡಿದ್ದಳು. ಅವರ ಫೋನ್ ನಂಬರುಗಳು ಕಂಡವರ ಕೈ ಸೇರಬಾರದೆಂದು ಪಟ್ಟಿಯನ್ನೂ ಇಮೇಲನ್ನೂ ಮನೆಯ ಕಂಪ್ಯೂಟರಿನಲ್ಲೇ ಇಟ್ಟಳು. ಕರೆಂಟ್ ಹೋದರೆ ಬ್ಯಾಟರಿ, ಯಂತ್ರ ಕೆಟ್ಟರೆ ಇನ್ನೊಂದು ಪ್ರತಿ, ಎಲ್ಲ ಇತ್ತು. ಸುತ್ತಲಿನ ಆಸ್ಪತ್ರೆಗಳು ರಕ್ತ ಬೇಕಾದಾಗ ಅವಳಿಗೆ ಬರೆಯುತ್ತಿದ್ದವು.

ಡೊಮೇನ್ ಹೆಸರನ್ನು ಮಾತ್ರ ಅವಳು ಕಣ್ಣಿಗೆ ಮೊದಲು ಬಿದ್ದ ಕಂಪನಿಯಲ್ಲಿ ನೋಂದಾಯಿಸಿದ್ದಳು. ಸಂಪರ್ಕಕ್ಕೆಂದು ಕೊಟ್ಟದ್ದೂ ಅದೇ ಹೆಸರಿನ ಇಮೇಲ್.

ಒಂದು ಸೋಮವಾರ ಯಾರೋ ಕೊಟ್ಟ ತಪ್ಪು ದೂರನ್ನು ನಂಬಿ ಕಂಪನಿ ಆ ಹೆಸರನ್ನು ತಡೆಹಿಡಿಯಿತು. ಆ ಸುದ್ದಿಯನ್ನು ಅದೇ ಇಮೇಲಿಗೆ ಕಳಿಸಿತು. ಹೆಸರು ನಿಂತೊಡನೆ ಆ ಹೆಸರಿನ ಇಮೇಲೂ ನಿಂತಿದ್ದರಿಂದ ಅದು ಮುಟ್ಟಲಿಲ್ಲ. ಎರಡು ದಿನ ಒಂದೂ ಪತ್ರ ಬರದಿದ್ದಾಗ ಅವಳು ಯಂತ್ರವನ್ನು ನೋಡಿದಳು, ಅದು ಸರಿಯಾಗಿಯೇ ಇತ್ತು. ಕಂಪನಿಯ ಪುಟ ತೆರೆದಳು. ಒಳಗೆ ಹೋಗಲು ಕೋಡ್ ಬೇಕೆಂದಿತು. ಕೋಡ್ ಬರುವುದು ಸತ್ತುಹೋದ ಆ ಇಮೇಲಿಗೇ. ಫೋನ್ ನಂಬರು ಎಲ್ಲೂ ಇರಲಿಲ್ಲ. ಚಾಟ್‌ನಲ್ಲಿ ಬರೆದಾಗಲೆಲ್ಲ "ನಿಮ್ಮ ಇಮೇಲ್ ನೋಡಿ" ಎಂಬ ಒಂದೇ ಉತ್ತರ.

ಯಾವ ಆಸ್ಪತ್ರೆ ಏನು ಬರೆದಿದೆಯೋ, ಯಾರು ಕಾಯುತ್ತಿದ್ದಾರೋ ತಿಳಿಯುವಂತಿರಲಿಲ್ಲ. ಕೊನೆಗೆ ಶಾಲೆಗೆ ರಜೆ ಹಾಕಿ ಒಂದೊಂದೇ ಆಸ್ಪತ್ರೆಗೆ ಫೋನ್ ಮಾಡತೊಡಗಿದಳು. ಆರನೆಯ ಆಸ್ಪತ್ರೆಯ ನರ್ಸ್, "ಮೂರು ಸಲ ಬರೆದೆವಲ್ಲಮ್ಮ, ಎಲ್ಲ ವಾಪಸ್ ಬಂತು! ಹೆರಿಗೆಗೆ ಬಂದವಳೊಬ್ಬಳಿಗೆ ಇವತ್ತೇ ಆಪರೇಷನ್" ಎಂದಳು.

ಶಿಕ್ಷಕಿ ಪಟ್ಟಿ ತೆಗೆದಳು. ಮೊದಲಿನವನು ಫೋನ್ ಎತ್ತಲಿಲ್ಲ. ಎರಡನೆಯವನಿಗೆ ಜ್ವರ. ಮೂರನೆಯವಳು ಹೂ ಮಾರುವವಳು. ಬುಟ್ಟಿಯನ್ನು ಪಕ್ಕದ ಅಂಗಡಿಯಲ್ಲಿಟ್ಟು ಬಸ್ಸು ಹತ್ತಿದಳು. ಆಸ್ಪತ್ರೆಯಿಂದ ಸುದ್ದಿ ಬರುವವರೆಗೂ ಶಿಕ್ಷಕಿ ಫೋನನ್ನು ಕೈಯಿಂದ ಕೆಳಗಿಡಲಿಲ್ಲ. ತಾಯಿ, ಮಗು ಇಬ್ಬರೂ ಉಳಿದರು.

ಗುರುತಿನ ಪತ್ರಗಳನ್ನು ಮತ್ತೆ ಮತ್ತೆ ಕಳಿಸಿ ಹೆಸರನ್ನು ಬಿಡಿಸಿಕೊಳ್ಳಲು ಹತ್ತೊಂಬತ್ತು ದಿನ ಬೇಕಾಯಿತು. ಆಮೇಲೆ ಅವಳು ಬೇರೆ ಕಂಪನಿ ಹುಡುಕಿದಳು. ಈ ಸಲ ಮೊದಲು ಫೋನ್ ಮಾಡಿ, "ನನ್ನ ಇಮೇಲ್ ಸತ್ತುಹೋದರೆ ನಾನು ನಾನೇ ಎಂದು ಹೇಗೆ ತೋರಿಸಲಿ?" ಎಂದು ಕೇಳುವುದೆಂದು ನಿಶ್ಚಯಿಸಿದಳು. ನಾಲ್ಕು ಕಡೆ ಯಾರೂ ಫೋನ್ ಎತ್ತಲಿಲ್ಲ. ಐದನೆಯ ಕಡೆ ಒಬ್ಬ ಎತ್ತಿದ. ಏನೇನು ದಾಖಲೆ ಬೇಕೆಂದು ಸಾವಧಾನವಾಗಿ ಹೇಳಿದ. ಹೆಸರನ್ನು ಅಲ್ಲಿಗೆ ಒಯ್ದಳು. ಸಂಪರ್ಕಕ್ಕೆ ಈ ಹೆಸರಿಗೆ ಸೇರದ ಅಕ್ಕನ ಇಮೇಲ್ ಕೊಟ್ಟಳು.

ಕತೆ ಮುಗಿಯುತ್ತಲೇ ಕರಿಬಸವನ ಮುಖ ಅರಳಿತು. "ಆ ಐದನೆಯ ಕಂಪನಿ ಯಾವುದು, ಗುರುಗಳೇ?"

ಗುರು ಹೇಳಿದರು, "ಹೇಳಿದರೆ ನೀನು ಫೋನ್ ಮಾಡಿ ಕೇಳುವುದಿಲ್ಲ."